ಟ್ರ್ಯಾಕ್ಟರಿನ ಗರಗಸ ಯಂತ್ರ: ಕೊಳ್ಳುವ ಮುಂಚೆ, ಬಳಸುವ ಮುಂಚೆ



ನಮ್ಮ ಕೋಲಾರ ಜಿಲ್ಲೆಯಲ್ಲಿ ನೀಲಗಿರಿ ತೋಪು ಇಲ್ಲದ ಊರು ಕಡಿಮೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದೆಂದು ಆದೇಶ ಮಾಡಿತು. ನಮ್ಮ ಮನೆಯವರೂ ಈ ವರ್ಷ ತೋಪು ತೆಗೆದು ರಾಗಿ ಹಾಕೋಣ ಎಂದು ತೀರ್ಮಾನಿಸಿದರು. ಮರ ತುಂಡು ಮಾಡಲು ಚಿಕ್ಕಪ್ಪ ಟ್ರ್ಯಾಕ್ಟರಿಗೆ ಹಾಕುವ ಗರಗಸದ ಯಂತ್ರ ತಂದರು. ಅದರ ಬಗ್ಗೆ ನಾನು ಕಣ್ಣಾರೆ ನೋಡಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಊರಲ್ಲಿ ಇದನ್ನು 'ಮರ ಕಡಿಯೋ ಮಿಷನ್ನು' ಅಂತಾರೆ. ಆದರೆ ನಾವು ತಂದ ಯಂತ್ರ ನಿಂತ ಮರವನ್ನು ಕಡಿಯಲ್ಲ. ಮರ ಬೀಳಿಸಿ, ಕೊಂಬೆ ಸವರಿ, ದಿಮ್ಮಿ ತಂದುಕೊಟ್ಟರೆ ತುಂಡು ಮಾಡುತ್ತದೆ ಅಷ್ಟೇ. ಕೊಳ್ಳುವವರು ಮೊದಲು ಇದನ್ನು ತಿಳಿದಿರಬೇಕು.

ಟ್ರ್ಯಾಕ್ಟರಿನ ಹಿಂದೆ ಹಲ್ಲುಗಳಿರುವ ಒಂದು ಗಿಡ್ಡ ಶಾಫ್ಟು ಇದೆ. ಅದೇ ಪಿ.ಟಿ.ಓ. ಇಂಜಿನ್ನಿನ ಶಕ್ತಿ ಇಲ್ಲಿಂದ ಹೊರಗೆ ಬರುತ್ತದೆ. ರೋಟವೇಟರ್ ತಿರುಗುವುದೂ ಇದರಿಂದಲೇ. ಸಾಮಾನ್ಯವಾಗಿ ಇದರ ವೇಗ ನಿಮಿಷಕ್ಕೆ 540 ಸುತ್ತು. ಇದಕ್ಕೆ ಉದ್ದದ ಶಾಫ್ಟು ಜೋಡಿಸಿದರೆ ಗರಗಸದ ದೊಡ್ಡ ಪುಲ್ಲಿ ತಿರುಗುತ್ತದೆ. ಅಲ್ಲಿಂದ ಬೆಲ್ಟಿನ ಮೂಲಕ ಬ್ಲೇಡಿನ ಚಿಕ್ಕ ಪುಲ್ಲಿ ತಿರುಗುತ್ತದೆ. ನಮ್ಮದರಲ್ಲಿ ದೊಡ್ಡದು 12 ಅಂಗುಲ, ಚಿಕ್ಕದು 6 ಅಂಗುಲ. ಆದ್ದರಿಂದ ಬ್ಲೇಡಿನ ವೇಗ ಎರಡರಷ್ಟು, ಅಂದರೆ 1080 ಸುತ್ತು. ಬ್ಲೇಡಿನ ವ್ಯಾಸ 24 ಅಂಗುಲ. ಪರಿಧಿಯ ಸೂತ್ರ ಹಾಕಿ ಲೆಕ್ಕ ಮಾಡಿದೆ. ಬ್ಲೇಡಿನ ಹಲ್ಲು ಗಂಟೆಗೆ ಸುಮಾರು 124 ಕಿ.ಮೀ. ವೇಗದಲ್ಲಿ ಓಡುತ್ತದೆ! ನಮ್ಮೂರಿನ ಬಸ್ಸು ಇದರ ಅರ್ಧ ವೇಗವೂ ಹೋಗಲ್ಲ.

ಮೂರನೇ ದಿನ ನಡೆದದ್ದು

ಕೊಳ್ಳುವಾಗ ಅಂಗಡಿಯವರು "ಶಾಫ್ಟಿಗೆ ಗಾರ್ಡು ಬೇಕಾದರೆ ಬೇರೆ ದುಡ್ಡು" ಅಂದರಂತೆ. "ಅದಿಲ್ಲದಿದ್ದರೂ ಕುಯ್ಯುತ್ತಲ್ಲ, ಬೇಡ ಬಿಡಿ" ಎಂದು ಚಿಕ್ಕಪ್ಪ ಹಾಗೇ ತಂದರು.

ಮೂರನೇ ದಿನ ಅವರು ಒಂದು ತುಂಡು ಎತ್ತಲು ಶಾಫ್ಟಿನ ಪಕ್ಕ ಬಗ್ಗಿದರು. ಹೆಗಲ ಮೇಲಿನ ಟವೆಲ್ಲಿನ ತುದಿ ಶಾಫ್ಟಿಗೆ ತಾಗಿತು. ಟವೆಲ್ಲು ಹೆಗಲಿಂದ ಹೋದದ್ದು ನಮಗೆ ಕಾಣಿಸಲೇ ಇಲ್ಲ. ನೋಡಿದಾಗ ಅದು ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅಪ್ಪ ಓಡಿಹೋಗಿ ಇಂಜಿನ್ ನಿಲ್ಲಿಸಿದರು. ಬಿಚ್ಚೋಕೆ ಆಗದೆ ಚಾಕುವಿನಿಂದ ಕೊಯ್ದು ತೆಗೆಯಬೇಕಾಯಿತು. ಚಿಕ್ಕಪ್ಪ ನೆಲದ ಮೇಲೆ ಕೂತು ಬಹಳ ಹೊತ್ತು ಮಾತಾಡಲಿಲ್ಲ. ದಿನಾ ಅವರು ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಾರೆ. ಆ ದಿನ ಸೆಕೆ ಅಂತ ಸುಮ್ಮನೆ ಹೆಗಲ ಮೇಲೆ ಹಾಕಿಕೊಂಡಿದ್ದರು.

ರಾತ್ರಿ ಲೆಕ್ಕ ಮಾಡಿದೆ. 540ನ್ನು 60ರಿಂದ ಭಾಗಿಸಿದರೆ 9. ಒಂದು ಸೆಕೆಂಡಿಗೆ ಒಂಬತ್ತು ಸುತ್ತು! ಕೈ ಹಿಂದಕ್ಕೆ ಎಳೆದುಕೊಳ್ಳೋಕೆ ಯಾರಿಗೆ ಸಮಯ ಸಿಗುತ್ತೆ? ನಾವೆಲ್ಲ ಸದ್ದು ಮಾಡುವ ಬ್ಲೇಡಿಗೆ ಹೆದರುತ್ತಿದ್ದೆವು, ಶಾಫ್ಟಿಗೆ ಯಾರೂ ಹೆದರಿರಲಿಲ್ಲ. ಎರಡು ದಿನ ನಾನೇ ಜಡೆ ಬಿಟ್ಟುಕೊಂಡು, ವೇಲು ಹಾಕಿಕೊಂಡು ಅದರ ಪಕ್ಕ ನೀರಿನ ಬಿಂದಿಗೆ ಇಟ್ಟು ಬಂದಿದ್ದೆ.

ಚಿಕ್ಕಪ್ಪ ಮಾರನೇ ದಿನವೇ ಹೋಗಿ ಗಾರ್ಡು ತಂದರು. ಅದು ಶಾಫ್ಟಿನ ಮೇಲೆ ಕೊಳವೆಯಂತೆ ಕೂರುವ ಪ್ಲಾಸ್ಟಿಕ್ ಕವಚ. ಅದನ್ನು ಚೈನಿನಿಂದ ಕಟ್ಟಿರುತ್ತಾರೆ. ಒಳಗೆ ಶಾಫ್ಟು ತಿರುಗಿದರೂ ಕವಚ ತಿರುಗುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು

1. ಶಾಫ್ಟು, ಬೆಲ್ಟು, ಬ್ಲೇಡು ಮೂರಕ್ಕೂ ಗಾರ್ಡು ಇರಬೇಕು. ಗಾರ್ಡಿನ ಬೆಲೆ ಸೇರಿಸಿಯೇ ಯಂತ್ರದ ಬೆಲೆ ಕೇಳಬೇಕು.
2. ನಮ್ಮ ಟ್ರ್ಯಾಕ್ಟರಿನ ಪಿ.ಟಿ.ಓ. ವೇಗಕ್ಕೂ ಹಲ್ಲಿಗೂ ಯಂತ್ರ ಹೊಂದಬೇಕು.
3. ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗವನ್ನು ಮೀರಬಾರದು.
4. ಅಂಗಡಿಯಲ್ಲೇ ಓಡಿಸಿ ನೋಡಬೇಕು. ಬ್ಲೇಡು ಅತ್ತಿತ್ತ ಅಲ್ಲಾಡಿದರೆ ಬೇಡ.

ಬಳಸುವಾಗ ನೆನಪಿಡಬೇಕಾದ್ದು

1. ಟವೆಲ್ಲು, ಪಂಚೆ, ಸೆರಗು, ವೇಲು, ಬಿಟ್ಟ ಜಡೆ ಯಾವುದೂ ಹತ್ತಿರ ಬರಬಾರದು.
2. ಬ್ಲೇಡಿನ ನೇರಕ್ಕೆ ನಿಲ್ಲಬಾರದು. ತಿರುಗುವ ಶಾಫ್ಟನ್ನು ದಾಟಬಾರದು.
3. ದಿಮ್ಮಿಯಲ್ಲಿ ಮೊಳೆ, ತಂತಿ ಇದೆಯಾ ನೋಡಬೇಕು.
4. ಪಿ.ಟಿ.ಓ. ಬಿಡಿಸಿದ ಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಇಂಜಿನ್ ಆಫ್ ಮಾಡಿ, ಕೀ ತೆಗೆದು, ಬ್ಲೇಡು ಪೂರ್ತಿ ನಿಂತ ಮೇಲೆ ಹೊಟ್ಟು ತೆಗೆಯಬೇಕು.
5. ಒಬ್ಬರೇ ಕೆಲಸ ಮಾಡಬಾರದು. ಮಕ್ಕಳು ದೂರ ಇರಬೇಕು.

ಇನ್ನೊಂದು ಮಾತು. ನೀಲಗಿರಿ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೇರೆ ಮರವಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಗೆಳೆಯರೇ, ಗರಗಸ ಎಲ್ಲರ ಮನೆಯಲ್ಲಿ ಇರಲಿಕ್ಕಿಲ್ಲ. ಆದರೆ ರೋಟವೇಟರ್ ಹಲವರ ಮನೆಯಲ್ಲಿದೆ, ಅದಕ್ಕೂ ಇದೇ ಶಾಫ್ಟು. ಇವತ್ತು ಸಂಜೆ, ಇಂಜಿನ್ ನಿಂತಿರುವಾಗ, ಹೋಗಿ ನೋಡಿ. ಗಾರ್ಡು ಇಲ್ಲದಿದ್ದರೆ ಅಪ್ಪನಿಗೆ ಹೇಳಿ. ಒಂದು ಸಲ ಹೇಳಿದರೆ ಕೇಳಲ್ಲ, ಎರಡು ಸಲ ಹೇಳಿ.


9ನೇ ತರಗತಿಯ ವಿದ್ಯಾರ್ಥಿನಿ