ಮೂರರಲ್ಲಿ ಯಾವುದರ ಮಾತು ನಂಬಬೇಕು? ಡೇಟಾಬೇಸ್ ಕ್ಲಸ್ಟರ್ ಪಾಠದಲ್ಲಿ ನಾನು ಮಾಡಿದ ತಪ್ಪು

ಬೋಧನಾಭ್ಯಾಸದ ದಿನಗಳಲ್ಲಿ ಗಣಕವಿಜ್ಞಾನದ ಪ್ರಶಿಕ್ಷಣಾರ್ಥಿಗಳು ‘ವಿತರಿತ ಡೇಟಾಬೇಸ್’ ಪಾಠ ಮಾಡುವುದನ್ನು ಹಲವು ವರ್ಷಗಳಿಂದ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತ ಬಂದಿದ್ದೇನೆ. ಪಾಠಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ: ಒಂದು ವ್ಯಾಖ್ಯೆ, ನಾಲ್ಕು ಅನುಕೂಲ, ನಾಲ್ಕು ಅನಾನುಕೂಲ, ಫಲಕದ ಮೇಲೆ ಒಂದು ಚಿತ್ರ. ಮಕ್ಕಳು ಬರೆದುಕೊಳ್ಳುತ್ತಾರೆ. ಮೌಲ್ಯಮಾಪನದ ಪ್ರಶ್ನೆಗಳಿಗೆ ಸರಿಯುತ್ತರವೂ ಬರುತ್ತದೆ. ‘ಒಂದು ಯಂತ್ರ ಕೆಟ್ಟರೆ?’ ಎಂದು ಕೇಳಿದರೆ ‘ಉಳಿದವು ಕೆಲಸ ಮಾಡುತ್ತವೆ’ ಎನ್ನುತ್ತಾರೆ. ‘ಕೆಟ್ಟದ್ದು ರಿಪೇರಿಯಾಗಿ ಮರಳಿ ಬಂದಾಗ?’ ಎಂದರೆ ತರಗತಿ ಸುಮ್ಮನಾಗುತ್ತದೆ.

ಈ ಮೌನವನ್ನು ಮುರಿಯಬೇಕೆಂದು ಒಂದು ವರ್ಷ ನಾನೇ ಪದವಿಪೂರ್ವ ದ್ವಿತೀಯ ವರ್ಷದ ತರಗತಿಗೆ ಮಾದರಿ ಪಾಠ ಕೊಡಲು ಹೋದೆ. ಪ್ರಶಿಕ್ಷಣಾರ್ಥಿಗಳು ಅವಲೋಕನ ನಮೂನೆ ಹಿಡಿದು ಹಿಂದೆ ಕುಳಿತಿದ್ದರು. ಆ ಪಾಠದಲ್ಲಿ ನಾನು ಮಾಡಿದ ತಪ್ಪೇ ಈ ಲೇಖನದ ವಿಷಯ. ತಪ್ಪು ಅರ್ಥವಾಗಬೇಕಾದರೆ ಪಾಠವನ್ನು ಮೊದಲಿನಿಂದ ಹೇಳಬೇಕು.

ಪೂರ್ವಜ್ಞಾನ: ರೈಲಿನ ಬರ್ತ್

ಹುಬ್ಬಳ್ಳಿ 2003ರಿಂದ ನೈಋತ್ಯ ರೈಲ್ವೆಯ ಕೇಂದ್ರಸ್ಥಾನ. ನಮ್ಮ ಯಾವ ತರಗತಿಯಲ್ಲೂ ರೈಲ್ವೆ ಮನೆತನದ ಮಕ್ಕಳು ಇದ್ದೇ ಇರುತ್ತಾರೆ. ಆದ್ದರಿಂದ ಪೀಠಿಕೆಗೆ ಟಿಕೆಟ್ ಕಾಯ್ದಿರಿಸುವಿಕೆಯನ್ನೇ ಆರಿಸಿಕೊಂಡೆ. ‘ಹುಬ್ಬಳ್ಳಿಯ ಕೌಂಟರಿನಲ್ಲಿ ಒಬ್ಬರು, ಧಾರವಾಡದ ಕೌಂಟರಿನಲ್ಲಿ ಇನ್ನೊಬ್ಬರು ಒಂದೇ ಕ್ಷಣದಲ್ಲಿ ಒಂದೇ ಬರ್ತ್ ಕೇಳಿದರೆ ಇಬ್ಬರಿಗೂ ಯಾಕೆ ಸಿಗುವುದಿಲ್ಲ?’

ಗಣಕೀಕೃತ ಕಾಯ್ದಿರಿಸುವಿಕೆ 1985ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಮುಂದೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಕೇಂದ್ರಗಳು ಪ್ರತ್ಯೇಕವಾಗಿ ಬೆಳೆದವು. 1999ರಲ್ಲಿ ‘ಕಾನ್ಸರ್ಟ್’ ಎಂಬ ತಂತ್ರಾಂಶ ಅವನ್ನು ಒಂದೇ ಜಾಲಕ್ಕೆ ತಂದಿತು. ಒಂದು ರೈಲಿನ ಆಸನಗಳ ಲೆಕ್ಕ ಒಂದು ಕೇಂದ್ರದಲ್ಲಿ ಇರುತ್ತದೆ; ಬೇರೆ ಕೇಂದ್ರದ ಕೌಂಟರು ಆ ಕೇಂದ್ರವನ್ನೇ ಕೇಳಬೇಕು. ಲೆಕ್ಕ ಒಂದೇ ಕಡೆ ಇರುವುದರಿಂದ ಬರ್ತ್ ಇಬ್ಬರಿಗೆ ಹೋಗುವುದಿಲ್ಲ. ಇದು ಮಾಹಿತಿಯನ್ನು ಹಂಚಿ ಇಡುವ ವಿಧಾನ.

ಇನ್ನೊಂದು ವಿಧಾನದಲ್ಲಿ ಒಂದೇ ಲೆಕ್ಕದ ಪ್ರತಿಗಳನ್ನು ಹಲವು ಯಂತ್ರಗಳಲ್ಲಿ ಇಡುತ್ತಾರೆ. ಒಂದು ಯಂತ್ರ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಆದರೆ ಈಗ ಪ್ರತಿಗಳ ನಡುವೆ ಒಪ್ಪಂದ ಬೇಕು. ಕಷ್ಟ ಶುರುವಾಗುವುದು ಇಲ್ಲಿಂದ.

ಎರಡು ಏಕೆ ಸಾಲದು?

ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಪಾಲಿಕೆಗೆ ಸೇರಿದ ಎರಡು ಊರುಗಳು. ನಡುವಿನ ದಾರಿ ಸುಮಾರು 20 ಕಿ.ಮೀ. ಒಂದೇ ಅಂಕಪಟ್ಟಿಯ ಎರಡು ಪ್ರತಿಗಳಲ್ಲಿ ಒಂದು ಹುಬ್ಬಳ್ಳಿಯಲ್ಲಿ, ಒಂದು ಧಾರವಾಡದಲ್ಲಿ ಇದೆ ಎಂದುಕೊಳ್ಳಿ ಎಂದೆ. ದಾರಿಯಲ್ಲಿ ಯಾರೋ ನೆಲ ಅಗೆದು ಕೇಬಲ್ ತುಂಡಾಯಿತು. ಎರಡೂ ಯಂತ್ರಗಳು ಚೆನ್ನಾಗಿಯೇ ಇವೆ. ಆದರೆ ಹುಬ್ಬಳ್ಳಿಯ ಯಂತ್ರಕ್ಕೆ ಧಾರವಾಡದ ಯಂತ್ರ ಸತ್ತಿದೆಯೋ, ತಂತಿ ಮಾತ್ರ ಕಡಿದಿದೆಯೋ ತಿಳಿಯುವ ಉಪಾಯವಿಲ್ಲ. ಎರಡೂ ಕಡೆ ಬರವಣಿಗೆ ಮುಂದುವರಿದರೆ ಒಂದೇ ವಿದ್ಯಾರ್ಥಿಗೆ ಎರಡು ಅಂಕಗಳು ಬರಬಹುದು. ಇದಕ್ಕೆ ‘ಸ್ಪ್ಲಿಟ್ ಬ್ರೇನ್’ ಎನ್ನುತ್ತಾರೆ. ಎರಡೂ ನಿಂತರೆ ಎರಡು ಪ್ರತಿ ಇಟ್ಟು ಏನು ಬಂತು?

ಮೂರನೆಯ ಪ್ರತಿಯನ್ನು ನಡುದಾರಿಯ ನವನಗರದಲ್ಲಿ ಇಟ್ಟರೆ ನಿಯಮ ಸುಲಭ: ಅರ್ಧಕ್ಕಿಂತ ಹೆಚ್ಚು ಯಂತ್ರಗಳು ಒಬ್ಬರನ್ನೊಬ್ಬರು ಕಾಣುವ ಗುಂಪು ಕೆಲಸ ಮುಂದುವರಿಸಬೇಕು, ಉಳಿದದ್ದು ನಿಲ್ಲಬೇಕು. ಈ ಬಹುಮತಕ್ಕೆ ‘ಕೋರಂ’ ಎಂದು ಹೆಸರು; ಪಂಚಾಯಿತಿ ಸಭೆಯ ಕೋರಂ ಮಕ್ಕಳಿಗೆ ಗೊತ್ತೇ ಇದೆ. ಮೂರು ಯಂತ್ರಗಳ ಕ್ಲಸ್ಟರ್ ಒಂದರ ನಷ್ಟ ತಡೆಯುತ್ತದೆ. ನಾಲ್ಕಿದ್ದರೂ ತಡೆಯುವುದು ಒಂದನ್ನೇ, ಏಕೆಂದರೆ ಬಹುಮತಕ್ಕೆ ಮೂರು ಬೇಕು. ಐದಿದ್ದರೆ ಎರಡರ ನಷ್ಟ ತಡೆಯಬಹುದು. ಮೂರು ಡೆಸ್ಕು, ಮೂರು ನೋಟುಬುಕ್ಕು, ಚೀಟಿ ಒಯ್ಯಲು ಇಬ್ಬರು ಹುಡುಗರು: ಇಷ್ಟು ಉಪಕರಣದಲ್ಲಿ ಈ ಭಾಗ ಹದಿನೈದು ನಿಮಿಷದಲ್ಲಿ ಮುಗಿಯಿತು.

ಜೋಡಣೆ

ಮುಂದಿನ ಅವಧಿ ಪ್ರಯೋಗಾಲಯದಲ್ಲಿ. ಮೂರು ಹಳೆಯ ಗಣಕಗಳಿಗೆ ಲಿನಕ್ಸ್ ಮತ್ತು ಮರಿಯಾಡಿಬಿ ಹಾಕಿ, ಅದರ ‘ಗ್ಯಾಲೆರಾ’ ಸೌಲಭ್ಯದಿಂದ ಕ್ಲಸ್ಟರ್ ಮಾಡಿದೆವು. ಮೈಎಸ್‌ಕ್ಯೂಎಲ್ ಬಲ್ಲ ಮಕ್ಕಳಿಗೆ ಆದೇಶಗಳು ಹೊಸವಲ್ಲ. ಯಂತ್ರಗಳಿಗೆ ಹುಬ್ಬಳ್ಳಿ, ಧಾರವಾಡ, ನವನಗರ ಎಂದೇ ಹೆಸರಿಟ್ಟೆವು.

ಸಂರಚನಾ ಕಡತದಲ್ಲಿ ಬರೆಯಬೇಕಾದದ್ದು ಹೆಚ್ಚೇನಿಲ್ಲ: ಮೂರರಲ್ಲೂ ಅಕ್ಷರಶಃ ಒಂದೇ ಆಗಿರಬೇಕಾದ ಕ್ಲಸ್ಟರಿನ ಹೆಸರು, ಮೂರೂ ಯಂತ್ರಗಳ ವಿಳಾಸಗಳ ಪಟ್ಟಿ, ಆಯಾ ಯಂತ್ರದ ಸ್ವಂತ ವಿಳಾಸ ಮತ್ತು ಹೆಸರು. ಕೋಷ್ಟಕಗಳು ಇನ್ನೋಡಿಬಿ ಮಾದರಿಯವಾಗಿರಬೇಕು, ಪ್ರತಿಯೊಂದಕ್ಕೂ ಪ್ರೈಮರಿ ಕೀ ಇರಬೇಕು. ಫೈರ್‌ವಾಲಿನಲ್ಲಿ 3306, 4567, 4568, 4444 ಈ ನಾಲ್ಕು ಪೋರ್ಟುಗಳು ತೆರೆದಿರಬೇಕು. ಯಂತ್ರಗಳ ವಿಳಾಸ ಸ್ಥಿರವಾಗಿರಬೇಕು. ರೌಟರ್ ಮರುಚಾಲನೆಯಾದಾಗ ಬೇರೆ ವಿಳಾಸ ಸಿಕ್ಕರೆ ಪಟ್ಟಿಯೇ ಸುಳ್ಳಾಗುತ್ತದೆ.

ಮೊದಲ ಯಂತ್ರವನ್ನು ‘ಹೊಸ ಕ್ಲಸ್ಟರ್’ ಎಂಬ ವಿಶೇಷ ಆದೇಶದಿಂದ ಎಬ್ಬಿಸಬೇಕು. ಉಳಿದ ಎರಡನ್ನು ಎಂದಿನಂತೆ ಚಾಲೂ ಮಾಡಿದರೆ ಅವು ಪಟ್ಟಿ ನೋಡಿ ಮೊದಲನೆಯದನ್ನು ಹುಡುಕಿ ಸೇರಿಕೊಳ್ಳುತ್ತವೆ. ಇಲ್ಲಿ ಒಬ್ಬ ಹುಡುಗ ಎರಡನೆಯ ಯಂತ್ರಕ್ಕೂ ಅದೇ ವಿಶೇಷ ಆದೇಶ ಕೊಟ್ಟ. ಎರಡೂ ಚಾಲೂ ಆದವು, ಎಲ್ಲೂ ದೋಷದ ಸಂದೇಶವಿಲ್ಲ. ಆದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣಲಿಲ್ಲ. ‘ಕ್ಲಸ್ಟರ್ ಸೈಜ್’ ಎಷ್ಟೆಂದು ಕೇಳಿಸಿದೆ. ಎರಡೂ ‘1’ ಎಂದವು. ಒಂದು ಕ್ಲಸ್ಟರಿನ ಬದಲು ಒಂಟಿ ಯಂತ್ರಗಳ ಎರಡು ಕ್ಲಸ್ಟರು ಹುಟ್ಟಿದ್ದವು. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನಗೆ ಮೆಚ್ಚುಗೆಯಾಗಿ ಫಲಕದ ಮೇಲೆ ಬರೆಸಿದೆ: “ಹಂಗಾರ ಇವುಗಳಾಗ ಯಾವ ಕಂಪ್ಯೂಟರ್ ಖರೇ ಹೇಳಾಕತ್ತೈತ್ರೀ, ಸರ್?” ಬರೆಸಿದೆನೇ ಹೊರತು ಮರುದಿನ ನಾನೇ ಅದನ್ನು ಮರೆತೆ.

ತಪ್ಪು ನಡೆದ ದಿನ

ಮಕ್ಕಳು ತಮ್ಮ ಗ್ರಂಥಾಲಯದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಕ್ಲಸ್ಟರಿಗೆ ಸೇರಿಸುತ್ತಿದ್ದರು. ಎರಡು ಅವಧಿಗಳ ಕೆಲಸ. ‘ಮೂರು ಕಡೆ ಪ್ರತಿ ಇದೆ, ಇನ್ನು ಕೈಬರಹದ ಚೀಟಿಗಳು ಬೇಡ’ ಎಂದು ನಾನೇ ಹೇಳಿದ್ದೆ.

ಕರೆಂಟು ಹೋಯಿತು. ಯುಪಿಎಸ್‌ಗೆ ಹುಬ್ಬಳ್ಳಿ, ಧಾರವಾಡ ಯಂತ್ರಗಳು ಮತ್ತು ನೆಟ್‌ವರ್ಕ್ ಸ್ವಿಚ್ಚು ಮಾತ್ರ ಜೋಡಣೆಯಾಗಿದ್ದವು. ನವನಗರ ತಕ್ಷಣ ಆರಿತು. ಮೂರರಲ್ಲಿ ಎರಡು ಉಳಿದದ್ದರಿಂದ ಬಹುಮತವಿತ್ತು, ಕೆಲಸ ನಡೆಯಿತು. ‘ನೋಡಿ, ಪಾಠದಲ್ಲಿ ಹೇಳಿದ ಹಾಗೆಯೇ ಆಯಿತು’ ಎಂದು ಹಿಗ್ಗಿದೆ. ಇಪ್ಪತ್ತು ನಿಮಿಷಕ್ಕೆ ಯುಪಿಎಸ್ ಬರಿದಾಗಿ ಉಳಿದೆರಡೂ ಆರಿದವು.

ಕರೆಂಟು ಬಂದಾಗ ಗಂಟೆ ಬಾರಿಸಲು ಹತ್ತು ನಿಮಿಷ ಇತ್ತು. ನನಗೆ ಹತ್ತಿರವಿದ್ದದ್ದು ನವನಗರ ಯಂತ್ರ. ಅದಕ್ಕೆ ‘ಹೊಸ ಕ್ಲಸ್ಟರ್’ ಆದೇಶ ಕೊಟ್ಟೆ. ಅದು ನಿರಾಕರಿಸಿತು. ಗ್ಯಾಲೆರಾ ಪ್ರತಿ ಯಂತ್ರದಲ್ಲೂ ಒಂದು ಸ್ಥಿತಿ ಕಡತ ಇಟ್ಟಿರುತ್ತದೆ. ಅದರಲ್ಲಿ ‘ಸೇಫ್ ಟು ಬೂಟ್‌ಸ್ಟ್ರಾಪ್’ ಎಂಬ ಸಾಲಿನ ಮುಂದೆ ‘0’ ಇತ್ತು. ಅಂದರೆ, ‘ಕೊನೆಯವರೆಗೆ ಇದ್ದದ್ದು ನಾನೇ ಎಂಬ ಖಾತ್ರಿಯಿಲ್ಲ, ನನ್ನಿಂದ ಆರಂಭಿಸಬೇಡಿ.’ ನಾನು ‘0’ ಅಳಿಸಿ ‘1’ ಮಾಡಿದೆ. ಯಂತ್ರ ಎದ್ದಿತು.

ಬಳಿಕ ಹುಬ್ಬಳ್ಳಿ ಯಂತ್ರ ಸೇರಲು ಹೋಗಿ ನಿಂತುಬಿಟ್ಟಿತು. ತನ್ನ ಕ್ರಮಸಂಖ್ಯೆ ಗುಂಪಿನ ಕ್ರಮಸಂಖ್ಯೆಗಿಂತ ಮುಂದಿದೆ, ಮಾಹಿತಿ ನಷ್ಟ ತಪ್ಪಿಸಲು ನಿಲ್ಲುತ್ತಿದ್ದೇನೆ, ಮುಂದುವರಿಯಲೇಬೇಕಿದ್ದರೆ ಸ್ಥಿತಿ ಕಡತ ಅಳಿಸಿ ಎಂಬ ಅರ್ಥದ ಸಂದೇಶ ಬಂತು. ನನ್ನ ಕಣ್ಣು ಕೊನೆಯ ಭಾಗವನ್ನಷ್ಟೇ ಓದಿತು. ಕಡತ ಅಳಿಸಿದೆ, ಧಾರವಾಡದಲ್ಲೂ ಹಾಗೆಯೇ ಮಾಡಿದೆ. ಎರಡೂ ಯಂತ್ರಗಳು ನವನಗರದಿಂದ ಪೂರ್ಣ ಪ್ರತಿ ಪಡೆದು, ತಮ್ಮಲ್ಲಿದ್ದುದನ್ನು ಅಳಿಸಿ, ಸೇರಿಕೊಂಡವು. ಕ್ಲಸ್ಟರ್ ಸೈಜ್ ‘3’. ಗಂಟೆಗೆ ಇನ್ನೂ ಎರಡು ನಿಮಿಷ ಉಳಿದಿತ್ತು.

“ಸರ್, ಕರೆಂಟ್ ಹೋದ ಮ್ಯಾಲೆ ನಾವ್ ಬರದಿದ್ದು ಎಲ್ಲಿ ಹೋತ್ರಿ?”

ಮೊದಲು ಆರಿದ ಯಂತ್ರ, ಅಂದರೆ ಎಲ್ಲಕ್ಕಿಂತ ಕಡಿಮೆ ತಿಳಿದಿದ್ದ ಯಂತ್ರ, ಉಳಿದ ಎರಡಕ್ಕೆ ಪಾಠ ಹೇಳಿತ್ತು. ಹಾಗೆ ಹೇಳಿಸಿದವನು ನಾನು. ಇಪ್ಪತ್ತು ನಿಮಿಷದಲ್ಲಿ ಸೇರಿಸಿದ ಐವತ್ತೊಂಬತ್ತು ಪುಸ್ತಕಗಳು ಮೂರೂ ಕಡೆಯಿಂದ ಹೋಗಿದ್ದವು. ಚೀಟಿ ಇಟ್ಟುಕೊಂಡವರು ಇಬ್ಬರೇ. ತಪ್ಪು ಯಂತ್ರದ್ದಲ್ಲ, ನನ್ನದು ಎಂದು ಮಕ್ಕಳಿಗೆ ಅಲ್ಲಿಯೇ ಹೇಳಿದೆ. ಒಬ್ಬ ಪ್ರಶಿಕ್ಷಣಾರ್ಥಿ ಅವಲೋಕನ ನಮೂನೆಯಲ್ಲಿ ಒಂದೇ ಸಾಲು ಬರೆದಿದ್ದ: ‘ಮಾರ್ಗದರ್ಶಕರು ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದಲಿಲ್ಲ.’ ನನ್ನ ಪಾಠಕ್ಕೆ ಬಂದ ಟಿಪ್ಪಣಿಗಳಲ್ಲಿ ಅದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ಸರಿಯಾದ ದಾರಿ

ಮುಂದಿನ ವಾರ ಅದೇ ಸ್ಥಿತಿಯನ್ನು ಬೇಕೆಂದೇ ನಿರ್ಮಿಸಿದೆವು. ಈ ಸಲ ಆದೇಶಕ್ಕೆ ಮೊದಲು ಪ್ರಶ್ನೆ. ಕ್ಲಸ್ಟರಿನ ಪ್ರತಿ ಬದಲಾವಣೆಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಯಂತ್ರವನ್ನು ಕ್ರಮವಾಗಿ ನಿಲ್ಲಿಸಿದರೆ ಕೊನೆಯ ಸಂಖ್ಯೆ ಸ್ಥಿತಿ ಕಡತದಲ್ಲಿ ಉಳಿಯುತ್ತದೆ. ಕರೆಂಟು ಹೋಗಿ ನಿಂತರೆ ಅಲ್ಲಿ ‘-1’ ಇರುತ್ತದೆ. ಮೂರರಲ್ಲೂ ‘-1’ ಕಂಡಾಗ ಮಕ್ಕಳು ‘ಇನ್ನೇನು ಗೊತ್ತಾಗುವುದಿಲ್ಲ’ ಎಂದರು. ಆದರೆ ಡೇಟಾಬೇಸಿನ ಸ್ವಂತ ದಾಖಲೆಯಲ್ಲಿ ಆ ಸಂಖ್ಯೆ ಇನ್ನೂ ಇರುತ್ತದೆ. ‘ರಿಕವರ್’ ಆಯ್ಕೆಯೊಡನೆ ಚಾಲೂ ಮಾಡಿದರೆ ಅದು ಹೊರಬರುತ್ತದೆ. ನವನಗರದಲ್ಲಿ 214, ಹುಬ್ಬಳ್ಳಿಯಲ್ಲಿ 273, ಧಾರವಾಡದಲ್ಲಿ 273 ಬಂತು. ಯಾವುದರಿಂದ ಆರಂಭಿಸಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಹುಬ್ಬಳ್ಳಿಯಿಂದ ಎಬ್ಬಿಸಿದೆವು, ನವನಗರ ಸೇರಿದಾಗ ಕಳೆದುಕೊಂಡದ್ದನ್ನು ತಾನೇ ಪಡೆಯಿತು.

ಇದಕ್ಕೊಂದು ಹಿನ್ನೆಲೆಯಿದೆ, ಶಿಕ್ಷಕ ಶಿಕ್ಷಕರಿಗೆ ಅದು ವಿಶೇಷವಾಗಿ ರುಚಿಸಬಹುದು. ಯಂತ್ರಗಳ ಒಮ್ಮತಕ್ಕೆ ‘ಪ್ಯಾಕ್ಸಾಸ್’ ಎಂಬ ಪ್ರಸಿದ್ಧ ವಿಧಾನ ಮೊದಲೇ ಇತ್ತು, ಆದರೆ ಕಲಿಯಲು ಕಠಿಣ. ಸ್ಟ್ಯಾನ್‌ಫರ್ಡ್‌ನ ಡಿಯಾಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ‘ರಾಫ್ಟ್’ ವಿಧಾನವನ್ನು ಸುಲಭವಾಗಿ ಅರ್ಥವಾಗಬೇಕು ಎಂಬ ಗುರಿಯಿಂದಲೇ ರೂಪಿಸಿದರು. ಎರಡು ವಿಶ್ವವಿದ್ಯಾಲಯಗಳ 43 ವಿದ್ಯಾರ್ಥಿಗಳಿಗೆ ಎರಡನ್ನೂ ಕಲಿಸಿ ಪರೀಕ್ಷೆ ಕೊಟ್ಟಾಗ 33 ಮಂದಿ ರಾಫ್ಟ್‌ನ ಪ್ರಶ್ನೆಗಳನ್ನು ಹೆಚ್ಚು ಚೆನ್ನಾಗಿ ಉತ್ತರಿಸಿದರು. ಆ ವಿಧಾನದ ಒಂದು ನಿಯಮ: ಯಾರ ದಾಖಲೆ ಹಳೆಯದೋ ಅವರಿಗೆ, ತಮ್ಮ ದಾಖಲೆ ಹೆಚ್ಚು ಹೊಸದಾಗಿರುವ ಸದಸ್ಯರು ಮತ ಕೊಡುವುದಿಲ್ಲ, ಹೀಗಾಗಿ ಹಿಂದೆ ಬಿದ್ದ ಯಂತ್ರ ನಾಯಕನಾಗಲಾರದು. ಗ್ಯಾಲೆರಾ ಬೇರೆ ವಿಧಾನದ್ದು, ಆದರೆ ಎರಡು ಸಲ ನಿರಾಕರಿಸಿ ಅದು ನನಗೆ ಹೇಳಲು ಯತ್ನಿಸಿದ್ದೂ ಇದೇ ಮಾತು.

ಪಾಠಯೋಜನೆಗೆ ಒಂದು ಕಲಂ

ದೋಷ ನಿವಾರಣೆಯ ಪಾಠಕ್ಕೆ ನಮ್ಮ ಯೋಜನೆಯಲ್ಲಿ ‘ಲಕ್ಷಣ’, ‘ಪರಿಹಾರ’ ಎಂಬ ಎರಡು ಕಲಂ ಇದ್ದವು. ‘ಆರಂಭವಾಗುತ್ತಿಲ್ಲ’ ಎಂಬುದರ ಮುಂದೆ ‘0 ತೆಗೆದು 1 ಮಾಡಿ’ ಎಂದು ನಾನೇ ಬರೆದಿದ್ದೆ. ಪಟ್ಟಿ ಸುಳ್ಳಲ್ಲ, ಸರಿಯಾದ ಯಂತ್ರದಲ್ಲಿ ಅದೇ ಪರಿಹಾರ. ಸರಿಯಾದ ಯಂತ್ರ ಯಾವುದೆಂದು ಕೇಳುವ ಜಾಗ ಪಟ್ಟಿಯಲ್ಲಿ ಇರಲಿಲ್ಲ. ಈಗ ನಡುವೆ ‘ಮುಟ್ಟುವ ಮೊದಲು ನೋಡಬೇಕಾದದ್ದು’ ಎಂಬ ಕಲಂ ಸೇರಿಸಿದ್ದೇವೆ. ಅದರಲ್ಲಿ ಐದು ಪ್ರಶ್ನೆಗಳಿವೆ: ಪ್ರತಿ ಯಂತ್ರ ಎಷ್ಟು ಯಂತ್ರಗಳನ್ನು ಕಾಣುತ್ತಿದೆ? ಅದು ಬಹುಮತದ ಗುಂಪಿನಲ್ಲಿದೆಯೇ? ಅದರ ಕೊನೆಯ ಕ್ರಮಸಂಖ್ಯೆ ಎಷ್ಟು? ವಿಳಾಸ, ಪೋರ್ಟು ಸರಿಯಾಗಿವೆಯೇ? ಈಗಿರುವುದನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟಿದ್ದೇವೆಯೇ?

ಕೊನೆಯ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿಗಳು ಬಿಡುತ್ತಾರೆ. ಮೂರು ಪ್ರತಿ ಇರುವಾಗ ಇನ್ನೊಂದು ಏಕೆ ಎನ್ನುತ್ತಾರೆ. ಒಂದು ಯಂತ್ರದಲ್ಲಿ ಅಳಿಸಿದ್ದು ಮೂರರಲ್ಲೂ ಅಳಿಯುತ್ತದೆ. ಕ್ಲಸ್ಟರ್ ಯಂತ್ರದ ಸಾವನ್ನು ತಡೆಯುತ್ತದೆ, ಮನುಷ್ಯನ ಅವಸರವನ್ನಲ್ಲ. ನನ್ನ ಐವತ್ತೊಂಬತ್ತು ಪುಸ್ತಕಗಳ ಕಥೆ ಹೇಳಿದ ಮೇಲೆ ಯಾರೂ ವಾದಿಸುವುದಿಲ್ಲ.

ಈ ಪಾಠ ಮಾಡುವವರಿಗೆ ಒಂದು ಸೂಚನೆ. ಯಂತ್ರಗಳನ್ನು ನಿಜವಾಗಿಯೇ ಆರಿಸಿ, ಮಕ್ಕಳ ಎದುರೇ ಆರಿಸಿ. ಆದರೆ ಮರಳಿ ಎಬ್ಬಿಸುವ ಕೆಲಸವನ್ನು ಗಂಟೆಗೆ ಹತ್ತು ನಿಮಿಷ ಇರುವಾಗ ಶುರು ಮಾಡಬೇಡಿ. ಮೂರೂ ಸಂಖ್ಯೆಗಳನ್ನು ಫಲಕದ ಮೇಲೆ ಬರೆಸಿ, ಮನೆಗೆ ಕಳಿಸಿ, ಮರುದಿನ ಅವರಿಂದಲೇ ಆರಂಭಿಸಿ.