ನಿಮಗಿದು ಗೊತ್ತೇ? ರೌಂಡ್ ರಾಕ್‌ನ ತೆರಿಗೆ ದುಡ್ಡಿನ ಜಾಡು

ಟೆಕ್ಸಾಸ್‌ನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಮುಂದೆಯೂ ಬರಬಾರದೆಂದು 2019ರಲ್ಲಿ ಮತದಾರರು ಸಂವಿಧಾನಕ್ಕೇ ತಿದ್ದುಪಡಿ ತಂದರು. ಈ ಮಾತು ಕೇಳಿ ಹಿಗ್ಗಿ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಮನೆ ಕೊಂಡ ನಮ್ಮವರಿಗೆ, ಚಳಿಗಾಲಕ್ಕೆ ಮುಂಚೆ ಬರುವ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಉಳಿದ ಪಾಠ ಕಲಿಸುತ್ತದೆ. ಜನವರಿ 31ರೊಳಗೆ ಕಟ್ಟಬೇಕು.

ಆ ಬಿಲ್ಲನ್ನು ಮೊತ್ತ ನೋಡಿ ಮಡಚಿಡಬೇಡಿ. ಸರ್ಕಾರಿ ಲೆಕ್ಕ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಸೂಚಿ ಇಲ್ಲ. ರೌಂಡ್ ರಾಕ್ ನಗರ, ವಿಲಿಯಮ್ಸನ್ ಕೌಂಟಿ, ಸ್ಕೂಲ್ ಡಿಸ್ಟ್ರಿಕ್ಟ್, ಆಸ್ಟಿನ್ ಕಮ್ಯುನಿಟಿ ಕಾಲೇಜು, ಕೆಲವೆಡೆ ಬ್ರಷಿ ಕ್ರೀಕ್ ಹಳ್ಳದ ಹಳೆಯ ಅಣೆಕಟ್ಟುಗಳನ್ನು ನೋಡಿಕೊಳ್ಳುವ ಜಲ ನಿಯಂತ್ರಣ ಡಿಸ್ಟ್ರಿಕ್ಟ್: ಒಂದೊಂದು ಸಾಲೂ ಒಂದೊಂದು ಸ್ವತಂತ್ರ ಸಂಸ್ಥೆ. ಪ್ರತಿಯೊಂದಕ್ಕೂ ಬೇರೆ ಆಡಳಿತ ಮಂಡಳಿ, ಬೇರೆ ಬಜೆಟ್, ಬೇರೆ ಆಡಿಟ್. 'ರೌಂಡ್ ರಾಕ್ ಬಜೆಟ್' ಎಂದು ಹುಡುಕಿ ನಗರದ ಪುಸ್ತಕ ತೆರೆದರೆ ಶಾಲೆಯ ಖರ್ಚು ಅದರಲ್ಲಿ ಇರುವುದೇ ಇಲ್ಲ. ರಾಜ್ಯ ಸರ್ಕಾರವಂತೂ ಈ ತೆರಿಗೆ ಹಾಕುವಂತೆಯೇ ಇಲ್ಲ.

ಇವರೆಲ್ಲರ ಹಣಕಾಸು ವರ್ಷವೂ ಒಂದೇ ದಿನ ಶುರುವಾಗುವುದಿಲ್ಲ. ಸ್ಕೂಲ್ ಡಿಸ್ಟ್ರಿಕ್ಟ್‌ನದು ಜುಲೈ 1, ರಾಜ್ಯದ್ದು ಸೆಪ್ಟೆಂಬರ್ 1, ನಗರದ್ದು ಅಕ್ಟೋಬರ್ 1. ವರ್ಷಕ್ಕೆ ಹೆಸರು ಬರುವುದು ಅದು ಮುಗಿಯುವ ಇಸವಿಯಿಂದ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಣಿಸಿ ಬೆಳೆದ ನಮಗೆ ಒಂದು ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವ ಮುನ್ನ ಕ್ಯಾಲೆಂಡರ್ ಬೇಕೇ ಬೇಕು.

ರಾಜ್ಯದ ಬಜೆಟ್ ಎರಡು ವರ್ಷಕ್ಕೊಮ್ಮೆ! ಶಾಸಕಾಂಗದ ಸಾಮಾನ್ಯ ಅಧಿವೇಶನ ಬೆಸ ಇಸವಿಗಳಲ್ಲಿ ಮಾತ್ರ, ಅದೂ ಹೆಚ್ಚೆಂದರೆ 140 ದಿನ. ಇಷ್ಟು ಆದಾಯ ಬರುತ್ತದೆ ಎಂದು ರಾಜ್ಯದ ಮುಖ್ಯ ಹಣಕಾಸು ಅಧಿಕಾರಿಯಾದ ಕಂಟ್ರೋಲರ್ ಮೊದಲೇ ಅಂದಾಜು ಹೊರಡಿಸುತ್ತಾರೆ. ಆ ಮಿತಿಯೊಳಗಿದೆ ಎಂದು ಅವರು ದೃಢೀಕರಿಸದ ಖರ್ಚಿನ ಮಸೂದೆ ಮುಂದಕ್ಕೆ ಹೋಗುವುದು ಬಹಳ ಕಷ್ಟ. ರಾಜ್ಯದ ಹಣಕಾಸು ಓದುವವರು ಭಾಷಣ ಬಿಟ್ಟು ಈ ಅಂದಾಜಿನಿಂದ ಆರಂಭಿಸುವುದು ಲೇಸು.

ಅತಿ ಕಡಿಮೆ ಶ್ರಮದಲ್ಲಿ ಅತಿ ಹೆಚ್ಚು ತಿಳಿಸುವ ಪುಟ ಯಾವುದು? ನನ್ನ ಮತ ನಗರ ಬಜೆಟ್ಟಿನ ಮುಖಪುಟಕ್ಕೆ. ಕಳೆದ ವರ್ಷಕ್ಕಿಂತ ಪ್ರಾಪರ್ಟಿ ಟ್ಯಾಕ್ಸ್ ಆದಾಯ ಎಷ್ಟು ಹೆಚ್ಚುತ್ತದೆ ಅಥವಾ ಇಳಿಯುತ್ತದೆ ಎಂಬುದನ್ನು ಮುಖಪುಟದಲ್ಲೇ, 18 ಪಾಯಿಂಟ್‌ಗಿಂತ ಸಣ್ಣದಲ್ಲದ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಟೆಕ್ಸಾಸ್ ಕಾನೂನು ಹೇಳುತ್ತದೆ. ಬಜೆಟ್ ಅಂಗೀಕಾರವಾದ ಮೇಲೆ ಕೌನ್ಸಿಲ್‌ನ ಯಾವ ಸದಸ್ಯರು ಪರ, ಯಾರು ವಿರೋಧ ಎಂಬುದೂ ಹೆಸರು ಹೆಸರಾಗಿ ಅಲ್ಲೇ ಬರಬೇಕು. ತೆರಿಗೆ ದರಗಳು, ನಗರದ ಸಾಲ ಕೂಡ. ನಮ್ಮ ವಿಧಾನಸಭೆಯ ಬಜೆಟ್ ಭಾಷಣದಲ್ಲಿ ವಚನ, ಕವಿವಾಣಿ ಇರುವುದು ವಾಡಿಕೆ. ಇರಲಿ, ಅದರ ಜೊತೆಗೆ ಇಂಥ ಒಂದು ಪುಟವೂ ಇದ್ದರೆ ಯಾರೂ ಬೇಡವೆನ್ನರು.

ಶಾಲೆಗಳು ಬಾಂಡ್ ಮೂಲಕ ಸಾಲ ಎತ್ತಲು ಜನರ ಮತ ಕೇಳಿದಾಗ, 'ಇದು ಪ್ರಾಪರ್ಟಿ ಟ್ಯಾಕ್ಸ್ ಏರಿಕೆ' ಎಂಬ ಒಕ್ಕಣೆ ಮತಪತ್ರದಲ್ಲೇ ಇರಬೇಕೆಂಬುದು 2019ರ ನಿಯಮ.

ಅಂಗಡಿ ರಸೀದಿಯ 8.25 ಶೇಕಡಾ ಸೇಲ್ಸ್ ಟ್ಯಾಕ್ಸ್‌ನಲ್ಲಿ 6.25 ರಾಜ್ಯಕ್ಕೆ, 2 ಊರಿಗೆ. ಯಾವ ಊರಿಗೆ ಎಷ್ಟು ಹಂಚಿಕೆಯಾಯಿತು ಎಂದು ಕಂಟ್ರೋಲರ್ ಕಚೇರಿ ತಿಂಗಳು ತಿಂಗಳು ಪ್ರಕಟಿಸುತ್ತದೆ. ರೌಂಡ್ ರಾಕ್‌ಗೆ ಇಲ್ಲೊಂದು ವಿಶೇಷವಿದೆ. ಡೆಲ್ ಕಂಪನಿಯ ಕೇಂದ್ರ ಕಚೇರಿ ಇಲ್ಲಿರುವುದರಿಂದ ಕಂಪ್ಯೂಟರ್ ಮಾರಾಟದ ತೆರಿಗೆಯೂ ಊರಿನ ಬೊಕ್ಕಸಕ್ಕೆ ಬರುತ್ತದೆ. ಒಪ್ಪಂದದಂತೆ ಅದರ ಒಂದಂಶ ಕಂಪನಿಗೇ ಹಿಂದಿರುಗುತ್ತದೆ. ಆನ್‌ಲೈನ್ ಆರ್ಡರ್‌ಗಳ ತೆರಿಗೆ ಯಾವ ಊರಿಗೆ ಸೇರಬೇಕೆಂಬ ನಿಯಮವನ್ನು ಕಂಟ್ರೋಲರ್ 2020ರಲ್ಲಿ ಬದಲಿಸಿದಾಗ ಡಲ್ಲಾಸ್ ಬಳಿಯ ಕೊಪೆಲ್, ರೌಂಡ್ ರಾಕ್ ಮೊದಲಾದ ನಗರಗಳು ಕೋರ್ಟಿಗೆ ಹೋದವು. ಬಜೆಟ್ ಪುಸ್ತಕ ಒಂದು ಸಾಲಿನಲ್ಲಿ ಮುಗಿಸುವುದನ್ನು ಇಂಥ ದಾವೆಯ ಕಾಗದಗಳು ಬಿಡಿಸಿ ಹೇಳುತ್ತವೆ.

ಬಜೆಟ್ ಎಂದರೆ ಮಾಡಬೇಕೆಂದುಕೊಂಡಿದ್ದು. ನಿಜಕ್ಕೂ ಆದದ್ದು ಆಡಿಟ್ ಆದ ವಾರ್ಷಿಕ ಹಣಕಾಸು ವರದಿಯಲ್ಲಿ. ಅದರ ಹಿಂಬದಿಯ ಅಂಕಿಅಂಶ ಭಾಗದಲ್ಲಿ ಸಾಮಾನ್ಯವಾಗಿ ಹತ್ತು ವರ್ಷದ ಕೋಷ್ಟಕಗಳಿರುತ್ತವೆ. ಆತುರದಲ್ಲಿರುವ ಪತ್ರಕರ್ತರು ಕೊನೆಯಿಂದ ಓದಿದರೂ ತಪ್ಪಿಲ್ಲ.

ಸಾಲ ಕೊಡುವವರ ಮುಂದೆ ಸರ್ಕಾರವೂ ಮನಬಿಚ್ಚಿ ಮಾತಾಡುತ್ತದೆ. ನಗರ ಬಾಂಡ್ ಮಾರುವಾಗ ಹೊರಡಿಸುವ ಅಧಿಕೃತ ವಿವರಣೆಯಲ್ಲಿ ಊರಿನ ದೊಡ್ಡ ತೆರಿಗೆದಾರರ ಪಟ್ಟಿ, ವರ್ಷಾವಾರು ಸಾಲದ ಕಂತು, ಅಪಾಯಗಳು ಎಲ್ಲ ಇರುತ್ತವೆ. ದೇಶದ ಇಂಥ ದಾಖಲೆಗಳೆಲ್ಲ 'ಎಮ್ಮಾ' ಎಂಬ ಜಾಲತಾಣದಲ್ಲಿ ಉಚಿತ.

ಹಳೆಯದು ಬೇಕೇ? ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ 'ಫ್ರೇಸರ್' ಸಂಗ್ರಹದಲ್ಲಿ ಅಮೆರಿಕದ ಕೇಂದ್ರ ಬಜೆಟ್‌ಗಳು 1923ರ ಹಣಕಾಸು ವರ್ಷದಿಂದ ಸಿಗುತ್ತವೆ. ಅದಕ್ಕೂ ನಾಲ್ಕು ದಶಕ ಮುಂಚೆ, 1881ರಲ್ಲಿ, ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಹೊಸದಾಗಿ ಕೂಡಿದ ಪ್ರಜಾಪ್ರತಿನಿಧಿ ಸಭೆಯ ಮುಂದೆ ಸಂಸ್ಥಾನದ ಆದಾಯ-ಖರ್ಚಿನ ಸಂಗತಿ ಇಟ್ಟಿದ್ದರು. ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಮಾಡಿದ ಭಾರತದ ಮೊದಲ ರಾಜ್ಯವೂ ಕರ್ನಾಟಕವೇ, 2002ರಲ್ಲಿ.

ಇಷ್ಟಾದರೂ ಬೇಕಾದ ಕಾಗದ ಸಿಗದಿದ್ದರೆ ಟೆಕ್ಸಾಸ್‌ನ ಸಾರ್ವಜನಿಕ ಮಾಹಿತಿ ಕಾಯ್ದೆ ಇದೆ, ಬೇರು 1973ರದ್ದು. ಏಕೆ ಬೇಕು ಎಂದು ಕಚೇರಿಯವರು ಕೇಳುವಂತಿಲ್ಲ. ಕೊಡಲು ಮನಸ್ಸಿಲ್ಲವೆಂದರೆ ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ರಾಜ್ಯದ ಅಟಾರ್ನಿ ಜನರಲ್‌ರ ಅಭಿಪ್ರಾಯ ಬೇಡಬೇಕು. ನಮ್ಮ ಆರ್‌ಟಿಐ ಭಾರತದ ಪೌರರಿಗಷ್ಟೇ ಹಕ್ಕು ಕೊಡುತ್ತದೆ. ಟೆಕ್ಸಾಸ್ ಕಾಯ್ದೆಯಲ್ಲಿ ಪೌರತ್ವದ ಷರತ್ತಿಲ್ಲ. ಎಚ್-1ಬಿ ವೀಸಾದವರೂ ಅರ್ಜಿ ಹಾಕಬಹುದು, ಮಕ್ಕಳ ಮನೆಗೆ ಬಂದಿರುವ ಅಪ್ಪ-ಅಮ್ಮನೂ.