‘ಬಂಗಾರದ ಕೇರೆ ಹಾವು’ ಮಾರಾಟಕ್ಕಿದೆಯಾ? ದುಡ್ಡು ಹಾಕೋ ಮೊದಲು ಇದನ್ನು ಓದಿ



ಹೋದ ತಿಂಗಳು ನಮ್ಮ ಕಾಕಾನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಹಳದಿ ಬಣ್ಣದ ಉದ್ದನೆ ಹಾವು, ಕೆಳಗೆ ‘ಗೋಲ್ಡನ್ ಮಾರ್ಫ್, 12,000 ರೂಪಾಯಿ’ ಅಂತ ಬರೆದಿತ್ತು. “ಅಣ್ಣಾ, ಇದು ಸಾಕಿದ್ರ ಮನ್ಯಾಗ ಇಲಿ ಕಾಟನೂ ಇರಲ್ಲ, ಮರಿ ಮಾಡಿ ಮಾರಿದ್ರ ರೊಕ್ಕನೂ ಬರ್ತದ. ತಗೊಳ್ಳಲೇನು?” ಅಂತ ಕೇಳಿದ. ನಾನು ಮೆಸೇಜ್ ನೋಡಿದ್ದು ಸಂಜೆ. ಅಷ್ಟರಲ್ಲಿ ಅವನು 2,000 ರೂಪಾಯಿ ಅಡ್ವಾನ್ಸ್ ಹಾಕಿಬಿಟ್ಟಿದ್ದ. ಮರುದಿನದಿಂದ ಆ ನಂಬರ್ ಸ್ವಿಚ್ ಆಫ್.

ಆ ಫೋಟೋ ಜೂಮ್ ಮಾಡಿ ನೋಡಿದೆ. ಅದು ನಮ್ಮ ಮಹಾಗಾಂವದ ತೊಗರಿ ಹೊಲದ ಬದುವಿನ ಮೇಲೆ ದಿನಾ ಓಡಾಡೋ ಸಾದಾ ಕೇರೆ ಹಾವು. ಮರಾಠಿ ಮಾತಾಡೋರು ಧಾಮಣ ಅಂತಾರಲ್ಲ, ಅದೇ.

ಮಾರ್ಫ್ ಅಂದ್ರೆ ಏನು?

ಸಾಕಿದ ಹಾವುಗಳಲ್ಲಿ ವಂಶವಾಹಿ ಬದಲಾವಣೆಯಿಂದ ಬರುವ ಬೇರೆ ಬಣ್ಣ ಅಥವಾ ಮಚ್ಚೆಗೆ ಮಾರ್ಫ್ ಅಂತಾರೆ. ಇದು ಹೆಚ್ಚಾಗಿ ಅಮೆರಿಕದ ಕಾರ್ನ್ ಸ್ನೇಕ್‌ನ ಕಥೆ. ಅದೂ ಕೇರೆ ಹಾವಿನಂತೆ ಇಲಿ ತಿನ್ನುವ, ವಿಷವಿಲ್ಲದ ಹಾವು. ಅಲ್ಲಿ ಮೆಕ್ಕೆಜೋಳದ ಕಣಜದ ಹತ್ತಿರ ಇಲಿ ಹುಡುಕಿ ಬರ್ತಿತ್ತು, ಅದಕ್ಕೇ ಆ ಹೆಸರು ಅಂತಾರೆ. ಮೈಯಲ್ಲಿ ಕಪ್ಪು ಬಣ್ಣ ಹುಟ್ಟದಿದ್ದರೆ ಕೆಂಪು-ಕಿತ್ತಳೆ ಹಾವು, ಕಣ್ಣೂ ಕೆಂಪು. ಕೆಂಪು ಬಣ್ಣ ಹುಟ್ಟದಿದ್ದರೆ ಬೂದು-ಕಪ್ಪು ಹಾವು. ಎರಡೂ ಇಲ್ಲದಿದ್ದರೆ ಬಿಳಿ-ಗುಲಾಬಿ. ಈ ಗುಣ ತಂದೆ-ತಾಯಿ ಇಬ್ಬರಲ್ಲೂ ಅಡಗಿದ್ದರೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದರಲ್ಲಿ ಹೊರಗೆ ಕಾಣುತ್ತದೆ.

ನಮ್ಮ ಕೇರೆ ಹಾವಿನ ಬಣ್ಣ ಇಂಥದ್ದಲ್ಲ. ಅದು ಹುಟ್ಟಾ ತಿಳಿ ಹಳದಿ, ಹಸಿರುಗಂದು, ಕಂದು, ಬೂದು, ಕಪ್ಪು, ಹೀಗೆ ಬೇರೆ ಬೇರೆ ಬಣ್ಣದಲ್ಲಿ ಇರುತ್ತದೆ. ಪೊರೆ ಬಿಟ್ಟ ಹೊಸದರಲ್ಲಿ ಬಿಸಿಲಿಗೆ ಬಂಗಾರದ ಹಾಂಗ ಹೊಳೀತದ. ‘ನೀಲಿ ಕಣ್ಣಿನ ಅಪರೂಪದ ಹಾವು’ ಅಂತಾನೂ ಯಾರಾದರೂ ಮಾರಬಹುದು. ಆದರೆ ಪೊರೆ ಬಿಡೋ ಮುಂಚೆ ಯಾವ ಹಾವಿನ ಕಣ್ಣಾದರೂ ಕೆಲ ದಿನ ಮಬ್ಬು ನೀಲಿ ಆಗುತ್ತದೆ. ಎರಡು ತಲೆ ಹಾವು ಅಂತ ಮಣ್ಣುಮುಕ್ಕ ಹಾವು ಮಾರಿ ಮೋಸ ಮಾಡ್ತಾರಲ್ಲ, ಇದೂ ಅದೇ ಜಾತಿಯ ಧಂದೆ.

ಕಾನೂನು ಏನು ಹೇಳ್ತದ?

ಕೇರೆ ಹಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದು ಮೊದಲ ಅನುಸೂಚಿಯಲ್ಲಿದೆ. ಹುಲಿ ಇರೋದೂ ಅಲ್ಲೇ. ಹಿಡಿಯೋದು, ಸಾಕೋದು, ಮಾರೋದು, ಕೊಳ್ಳೋದು ಎಲ್ಲವೂ ಅಪರಾಧ. ಶಿಕ್ಷೆ 3 ವರ್ಷದಿಂದ 7 ವರ್ಷ ಜೈಲು, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ‘ನಮ್ಮ ಹೊಲದಾಗ ಸಿಕ್ಕದ್ದು’ ಅನ್ನೋ ಮಾತು ನಡೆಯೋದಿಲ್ಲ.

ವಿದೇಶಿ ಹಾವು ಅಂದರೂ ಕಾಗದಪತ್ರ ಬೇಕೇ ಬೇಕು. ಬಾಲ್ ಪೈಥಾನ್ ಥರದ, ಅಂತಾರಾಷ್ಟ್ರೀಯ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ ಸಾಕಿದರೆ, 2024ರ ನಿಯಮದ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು. ವಾಟ್ಸಾಪ್‌ನಲ್ಲಿ ಬಿಲ್ ಇಲ್ಲದೆ ಮಾರೋನ ಹತ್ತಿರ ಇದ್ಯಾವುದೂ ಇರಲ್ಲ.

ನಮ್ಮ ತಮ್ಮ ದೂರು ಕೊಡೋಕೆ ಹೆದರಿ ಸುಮ್ಮನಾದ. ‘ಕೊಳ್ಳಾಕ ಹೊಂಟಾವ ನಾನೇ, ಏನಂತ ಹೇಳಲಿ?’ ಅಂದ. ಮೋಸಗಾರರ ಧೈರ್ಯವೇ ಇದು. ಹಣ ಹೋದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬಣ್ಣ ನೋಡಿ ಹಾವು ಗುರುತಿಸಬೇಡಿ

ಮೂರು ವರ್ಷದ ಹಿಂದೆ ತೊಗರಿ ರಾಶಿ ಮಾಡುವಾಗ ಕಟ್ಟಿಗೆ ಕೆಳಗಿಂದ ಕಪ್ಪನೆ ಹಾವು ಹೊರಬಂತು. ನಾಗರ ಅಂತ ಎಲ್ಲರೂ ಕೂಡಿ ಹೊಡೆದರು. ನಾನು ನಿಂತು ನೋಡಿದೆ, ತಡೀಲಿಲ್ಲ. ಸತ್ತ ಮೇಲೆ ತಿಳೀತು, ಅದು ಕೇರೆ. ಅಂದಿನಿಂದ ದೂರದಿಂದಲೇ ಇಷ್ಟು ನೋಡ್ತೀನಿ:

- ಕಣ್ಣು: ಕೇರೆ ಹಾವಿನ ಕಣ್ಣು ದೊಡ್ಡದು, ದುಂಡಗೆ ಎದ್ದು ಕಾಣುತ್ತದೆ.
- ತುಟಿ: ತುಟಿಯ ಮೇಲೆ ಕಪ್ಪು ಅಡ್ಡಗೆರೆಗಳು.
- ಕುತ್ತಿಗೆ: ತಲೆಗಿಂತ ಸಣ್ಣದು. ಸಿಟ್ಟಾದರೆ ಕುತ್ತಿಗೆ ಉಬ್ಬಿಸಿ ಗುರ್ ಅಂತದ, ಆದರೆ ನಾಗರದ ಹಾಂಗ ಅಗಲವಾಗಿ ಹೆಡೆ ಬಿಚ್ಚಲ್ಲ.
- ಬಾಲ: ಉದ್ದ, ಸಪೂರ. ಮೈಯ ಹಿಂಭಾಗದಲ್ಲಿ ಕಪ್ಪು ಪಟ್ಟೆ.
- ನಡೆ: ಹಗಲಲ್ಲೇ ಓಡಾಟ, ಬಲು ಜೋರು.

ದಪ್ಪ ಮೈ, ಬೆನ್ನಿನ ಮೇಲೆ ಸರಪಳಿಯಂಥ ದುಂಡು ಮಚ್ಚೆ, ಕುಕ್ಕರ್ ಸೀಟಿಯಂಥ ಬುಸ್ ಸದ್ದು ಇದ್ದರೆ ಅದು ಕೊಳಕುಮಂಡಲ. ದೂರ ಇರಿ. ಮರಿ ಹಾವಿನ ಬಣ್ಣ ದೊಡ್ಡದರಂತೆ ಇರಲ್ಲ, ಗುರುತಿಸೋದು ಕಷ್ಟ. ಅನುಮಾನ ಬಂದರೆ ವಿಷದ ಹಾವು ಅಂತಲೇ ತಿಳಿದು ಹಿಂದೆ ಸರೀರಿ. ಕೇರೆ ನಾಗರದ ಜೊತೆ ಕೂಡ್ತದ ಅನ್ನೋದು, ಬಾಲದಲ್ಲಿ ವಿಷ ಅದ ಅನ್ನೋದು ಎರಡೂ ಸುಳ್ಳು. ಹೆಣೆದುಕೊಂಡು ಎದ್ದು ನಿಲ್ಲೋ ಜೋಡಿ ಬಹಳ ಸಲ ಜಗಳಕ್ಕಿಳಿದ ಎರಡು ಗಂಡು ಕೇರೆ.

ದುಡ್ಡಿಲ್ಲದೆ ‘ಸಾಕುವ’ ದಾರಿ

ಹೆಗ್ಗಣ ಬಿಲ ತೋಡಿ ತೆನೆ, ಕಾಯಿ ಒಳಗೆ ಎಳೆದುಕೊಳ್ಳುತ್ತದೆ. ಆ ಬಿಲದೊಳಗೇ ಹೋಗಿ ಹಿಡಿಯೋದು ಕೇರೆ ಹಾವು. ಅದು ಹೊಲದಲ್ಲಿ ಉಳೀಬೇಕಂದ್ರೆ:

1. ಬದುವಿನ ಪೊದೆ, ಕಲ್ಲಿನ ಸಂದು ಪೂರ್ತಿ ಸುಡಬೇಡಿ.
2. ಕಂಡಕಂಡಲ್ಲಿ ಇಲಿ ಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ತಿಂದರೆ ಹಾವಿಗೂ ಅಪಾಯ.
3. ಬೇಲಿಗೆ ಕಟ್ಟಿದ ನೈಲಾನ್ ಬಲೆ ಕೆಲಸ ಮುಗಿದ ಮೇಲೆ ಬಿಚ್ಚಿ. ಹಾವು ಸಿಕ್ಕಿಕೊಂಡು ಸಾಯ್ತಾವ.
4. ತೊಗರಿ ಕಟ್ಟಿಗೆ ಎತ್ತೋ ಮುಂಚೆ ಕೋಲಿನಿಂದ ತಟ್ಟಿ. ಕಾಲಿಗೆ ಬೂಟು, ರಾತ್ರಿ ನೀರು ಕಟ್ಟೋಕೆ ಹೋದಾಗ ಕೈಯಲ್ಲಿ ಟಾರ್ಚ್ ಇರಲಿ.

ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆ ಸಹಾಯವಾಣಿ 1926. ಯಾವುದೇ ಹಾವು ಕಚ್ಚಿದರೂ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರ ಅಂತ ಹೊತ್ತು ಕಳೀಬೇಡಿ. ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ.

ನಮ್ಮ ತಮ್ಮನನ್ನು ಮೊನ್ನೆ ಬೆಳಿಗ್ಗೆ ಹೊಲಕ್ಕೆ ಕರಕೊಂಡು ಹೋಗಿದ್ದೆ. ಬದುವಿನ ಮೇಲೆ ಆರಡಿ ಉದ್ದದ ಹಳದಿ ಕೇರೆ ಬಿಸಿಲು ಕಾಯಿಸ್ತಿತ್ತು. “12,000ದ್ದು ಇದೇ ಏನಣ್ಣಾ?” ಅಂದ. “ಹೌದಪ್ಪಾ. ದೂರದಿಂದ ನೋಡು, ಹಿಡೀಬ್ಯಾಡ” ಅಂದೆ. ಫೋಟೋ ತಕ್ಕೊಂಡ. ಅಷ್ಟರಲ್ಲಿ ಅದು ಹೆಗ್ಗಣದ ಬಿಲದೊಳಗೆ ಇಳೀತು.